ಕ್ಯಾನ್ಸಲ್, ರಿವೋಕ್, ಡಿಲೀಟ್: ಮೂರಕ್ಕೂ ‘ರದ್ದು’ ಒಂದೇ ಸಾಕೇ?

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನವನು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ದೊಡ್ಡ ಕಂಪ್ಯೂಟರ್, ಅದರ ಭದ್ರತೆಯ ಕೆಲಸ ಮಾಡುತ್ತೇನೆ. ಯಾರು ಯಾವ ಫೈಲನ್ನು ಓದಬಹುದು, ಯಾರು ತಿದ್ದಬಹುದು, ಯಾರು ಹತ್ತಿರವೂ ಸುಳಿಯಬಾರದು ಎಂದು ನೋಡಿಕೊಳ್ಳುವ ಕಾವಲುಗಾರಿಕೆ ಅನ್ನಿ. ನಾವು ಬಳಸುವುದು ಐಬಿಎಂನ ಆರ್‌ಎಸಿಎಫ್. ನಮ್ಮ ಬಾಯಲ್ಲಿ ಅದು ‘ರಾಕೆಫ್’. 1976ರಲ್ಲಿ ಬಂದ ತಂತ್ರಾಂಶ, ಈಗಲೂ ಗಟ್ಟಿಯಾಗಿದೆ. ನಮ್ಮ ಕಡೆಯ ಮೂವರು ಹುಡುಗರು ಈಗ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾರೆ. ಅವರಿಗೆಂದು ಕನ್ನಡದಲ್ಲಿ ಆರು ಪುಟದ ಟಿಪ್ಪಣಿ ಬರೆಯಲು ಕೂತೆ. ಎರಡನೇ ಪುಟದಲ್ಲೇ ‘ರದ್ದು’ ಎಂಬ ಪದ ಕಾಲಿಗೆ ತೊಡರಿಕೊಂಡಿತು.

ತೊಡರಿದ್ದು ಬರೆಯುವಾಗಲ್ಲ, ಅದಕ್ಕೂ ಮೊದಲೇ. ಒಂದು ಸಂಜೆ ಮನೆಗೆ ಬರುತ್ತಿದ್ದೆ, ರೈಲು ಹಿರೇಹಳ್ಳಿ ದಾಟಿತ್ತು. ಹುಡುಗನೊಬ್ಬ ಫೋನ್ ಮಾಡಿದ: “ಸಾರ್, ಬೇರೆ ಯಾರದೋ ಐಡಿ ಓಪನ್ ಮಾಡ್ಬಿಟ್ಟಿದೀನಿ, ಅರ್ಧ ತುಂಬಿದೀನಿ, ಏನ್ ಮಾಡ್ಲಿ?” ನಾನು “ಅದನ್ನ ರದ್ದು ಮಾಡಿ ಈಚೆ ಬಾರಪ್ಪ” ಅಂದೆ. ತುಂಬಿದ್ದನ್ನು ಬಿಟ್ಟು ಹೊರಗೆ ಬಾ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವನು ‘ಅದನ್ನ’ ಅಂದರೆ ಐಡಿಯನ್ನೇ ಅಂದುಕೊಂಡ. ವಿಧೇಯ ಹುಡುಗ, ರಿವೋಕ್ (ಐಡಿಯನ್ನು ಒಳಗೆ ಬಿಡದಂತೆ ಮಾಡುವ ಕಮಾಂಡ್) ಕೊಟ್ಟು ನೆಟ್ಟಗೆ ಈಚೆ ಬಂದ. ಅದು ರಾತ್ರಿಯ ಬ್ಯಾಚ್ ಕೆಲಸಗಳು, ಅಂದರೆ ಸಾಲಾಗಿ ತಾವೇ ನಡೆಯುವ ಕೆಲಸಗಳು, ಓಡುವ ಐಡಿ. ಕ್ಯಾತ್ಸಂದ್ರ ಬರುವಷ್ಟರಲ್ಲಿ ಕೆಲಸಗಳು ಒಂದೊಂದಾಗಿ ಬಾಗಿಲಲ್ಲೇ ಬಿದ್ದವು. ರೆಸ್ಯೂಮ್, ಅಂದರೆ ಐಡಿಯನ್ನು ಮತ್ತೆ ಒಳಗೆ ಬಿಡುವ ಕಮಾಂಡ್, ಕೊಟ್ಟ ಮೇಲೆ ಸರಿಹೋಯಿತು, ಆದರೆ ಬೈಗುಳ ತಿಂದವನು ಅವನು. ತಪ್ಪು ನನ್ನದು, ನನ್ನದಕ್ಕಿಂತ ಹೆಚ್ಚಾಗಿ ಆ ಪದದ್ದು.

ಈಗ ಪದಕ್ಕೆ ಬರೋಣ. ನನಗೆ ಅನ್ನಿಸುವುದು ಇಷ್ಟು: ಜಾರಿಯಲ್ಲಿ ಇರುವುದನ್ನಷ್ಟೇ ರದ್ದು ಮಾಡಲು ಆಗುವುದು. ಬಸ್ಸು ರದ್ದಾಗುತ್ತದೆ, ಪರವಾನಗಿ ರದ್ದಾಗುತ್ತದೆ, ಪಡಿತರ ಚೀಟಿ ರದ್ದಾಗುತ್ತದೆ. ಮೇನ್‌ಫ್ರೇಮಿನ ತೆರೆಯ ಮೇಲೆ ಬರೆದದ್ದು ಹಾಗಲ್ಲ. 1971ರಲ್ಲಿ ಬಂದ 3270 ಟರ್ಮಿನಲ್‌ನ ಪದ್ಧತಿ ಇವತ್ತಿಗೂ ನಡೆಯುತ್ತಿದೆ: 24 ಸಾಲು, 80 ಕಂಬಸಾಲಿನ ತೆರೆ. ಅದರಲ್ಲಿ ನೀವು ಎಷ್ಟೇ ಕುಟ್ಟಿದರೂ ಎಂಟರ್ ಅಥವಾ ಯಾವುದಾದರೂ ಪಿಎಫ್ ಕೀ (ಕೀಬೋರ್ಡಿನ ಎಫ್1, ಎಫ್2 ಥರದ ನಂಬರ್ ಕೀ) ಒತ್ತುವವರೆಗೆ ಒಂದಕ್ಷರವೂ ಆ ಕಡೆಯ ಯಂತ್ರಕ್ಕೆ ತಲುಪುವುದಿಲ್ಲ. ಅರ್ಜಿ ತುಂಬಿ ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ಕೊಡದ ಅರ್ಜಿಯನ್ನು ರದ್ದು ಮಾಡುವುದು ಹೇಗೆ? ಅದಕ್ಕೆ ಕ್ಯಾನ್ಸಲ್‌ಗೆ ‘ಕೈಬಿಡು’ ಅಂತ ಬರೆದಿದ್ದೇನೆ. “ಪ್ರಸ್ತಾವ ಕೈಬಿಡಲಾಗಿದೆ” ಎಂದು ಕಚೇರಿಯಲ್ಲಿ ಬರೆಯುತ್ತಾರಲ್ಲ, ಅದೇ ಅರ್ಥ.

ಕೀ ನಂಬರ್ ಹೇಳಿದರೆ ಸಾಕು, ಪದ ಯಾಕೆ ಎಂದು ನಮ್ಮ ಸಹೋದ್ಯೋಗಿ ಒಬ್ಬರು ಕೇಳಿದರು. ಸಾಲದು. ಐಎಸ್‌ಪಿಎಫ್ ಎಂಬುದು ಮೇನ್‌ಫ್ರೇಮಿನಲ್ಲಿ ಮೆನು, ಎಡಿಟರ್ ತೆರೆಗಳನ್ನು ಕೊಡುವ ತಂತ್ರಾಂಶ. ಅದರ ಮೂಲ ಜೋಡಣೆಯಲ್ಲಿ ಪಿಎಫ್12 ಅಂದರೆ ರಿಟ್ರೀವ್, ಅಂದರೆ ಹಿಂದೆ ಕೊಟ್ಟ ಕಮಾಂಡನ್ನು ಮತ್ತೆ ತಂದುಕೊಡುವುದು. ಬೇರೆ ಕೆಲವು ತೆರೆಗಳಲ್ಲಿ ಅದೇ 12 ಕ್ಯಾನ್ಸಲ್. ಸಾಲದ್ದಕ್ಕೆ ಕೀಸ್ ಎಂಬ ಕಮಾಂಡ್ ಕೊಟ್ಟು ಯಾರು ಬೇಕಾದರೂ ತಮ್ಮ ಕೀಗಳ ಕೆಲಸ ಬದಲಾಯಿಸಿಕೊಳ್ಳಬಹುದು. ನನ್ನ 12 ನಿಮ್ಮ 12 ಆಗಬೇಕಿಲ್ಲ.

ರಿವೋಕ್‌ಗೆ ಏನು? ಅದು ಅಳಿಸುವುದಲ್ಲ. ಐಡಿ, ಅದರ ಹಕ್ಕುಗಳು ಎಲ್ಲ ಹಾಗೇ ಇರುತ್ತವೆ, ಒಳಗೆ ಬಿಡುವುದಿಲ್ಲ ಅಷ್ಟೆ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಅಳತೆ ತೆಗೆದು ಹೊಲಿದಂಥ ಪದ ಇದೆ: ಅಮಾನತು. ಹಾಗೆ ನೋಡಿದರೆ ಡಿಲೀಟ್ ಅಂದರೆ ವಜಾ. ಬಲು ಖುಷಿಯಾಗಿ ಟಿಪ್ಪಣಿಯಲ್ಲಿ ಬರೆದೂಬಿಟ್ಟೆ. (ಉರ್ದುವಿನಲ್ಲಿ ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಕಚೇರಿಗಳಿಗೆ ಬಂದು ಅದಕ್ಕೆ ಈ ಗತಿ ಬಂತು!) ಆದರೆ ಪಾಸ್‌ವರ್ಡನ್ನು ಇಂತಿಷ್ಟು ಸಲ ತಪ್ಪು ಹೊಡೆದರೂ ಐಡಿ ತಾನಾಗಿ ರಿವೋಕ್ ಆಗುವಂತೆ ಇಟ್ಟಿರುತ್ತಾರೆ, ಬಹಳ ದಿನ ಬಳಸದಿದ್ದರೂ ಆಗುವಂತೆ ಇಡಬಹುದು. ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಗಳಿಗೆ ನಮ್ಮ ಹುಡುಗ ನನ್ನ ಪದವನ್ನೇ ನಂಬಿಕೊಂಡು “ಮೇಡಂ, ನೀವು ಅಮಾನತಲ್ಲಿದೀರ” ಅಂದಿದ್ದಾನೆ. ಆಕೆ ಸೀದಾ ಮ್ಯಾನೇಜರ್ ಹತ್ತಿರ ಹೋಗಿದ್ದಾರೆ.

ಹಾಗಾಗಿ ಅಮಾನತನ್ನು ಹೊಡೆದು ‘ತಡೆಹಿಡಿ’ ಎಂದು ಬರೆದಿದ್ದೇನೆ. ಸಂಬಳ ತಡೆಹಿಡಿಯುತ್ತಾರೆ, ಫಲಿತಾಂಶ ತಡೆಹಿಡಿಯುತ್ತಾರೆ. ಅದರಲ್ಲಿ ವ್ಯಕ್ತಿಗೆ ಕಳಂಕ ಕಡಿಮೆ. ರೆಸ್ಯೂಮ್‌ಗೆ ‘ತಡೆ ತೆರವು’, ಕೋರ್ಟಿನ ಮಾತು. ಡಿಲೀಟ್‌ಗೆ ‘ತೆಗೆದುಹಾಕು’. ವಜಾ ಎಂಬ ಪದದ ಮೇಲೆ ನನಗೆ ಇನ್ನೂ ಆಸೆ ಇದೆ, ಯಾಕೆಂದರೆ ಡಿಲೀಟ್ ಆದ ಐಡಿಯ ಹೆಸರು ಫೈಲುಗಳ ಅನುಮತಿ ಪಟ್ಟಿಗಳಲ್ಲಿ ಹಾಗೇ ಉಳಿದಿರುತ್ತದೆ, ಅದನ್ನು ಬೇರೆಯಾಗಿ ಗುಡಿಸಬೇಕು. ವಜಾ ಆದವನ ಹೆಸರು ಕಚೇರಿಯ ಹಳೇ ರಿಜಿಸ್ಟರುಗಳಲ್ಲಿ ಉಳಿದ ಹಾಗೆ.

ಇನ್ನು ಎಂಡ್, ಅಂದರೆ ಪಿಎಫ್3. ‘ಮುಗಿಸು’ ಎಂದರೆ ಪೂರ್ತಿ ಮುಗಿಯಿತು ಅನ್ನಿಸುತ್ತದೆ. ಅದು ಒಂದು ತೆರೆಯಷ್ಟೇ ಹಿಂದಕ್ಕೆ ಕರೆತರುವುದು. ಮೊದಲ ಮೆನುವಿಗೇ ನೇರ ಬರಲು ಪಿಎಫ್4, ರಿಟರ್ನ್. ನಾವು ಬಾಯಲ್ಲಿ ಪಿಎಫ್3ಕ್ಕೆ ‘ಈಚೆ ಬಾ’ ಅನ್ನುತ್ತೇವೆ, 4ಕ್ಕೆ ‘ಜಗಲಿಗೆ ಬಾ’. ಒಳಕೋಣೆಯಿಂದ ನಡುಮನೆ, ನಡುಮನೆಯಿಂದ ಜಗಲಿ, ಒಂದೊಂದೇ ಹೊಸ್ತಿಲು ದಾಟಿ ಬಂದಂತೆ. ಆದರೆ ಬರೆಯುವಾಗ ಒಂದು ಅನುಮಾನ. ‘ಈಚೆ ಬಾ’ ಅನ್ನುವವನು ಹೊರಗೆ ನಿಂತವನು, ಕಲಿಸುವವನು. ತೆರೆಯ ಒಳಗಿರುವವನಿಗೆ ಅದು ‘ಆಚೆ ಹೋಗು’ ಅಲ್ಲವೇ? ಇನ್ನೊಂದು ತೊಡಕು: ಎಡಿಟರ್‌ನಲ್ಲಿ ಎಂಡ್ ಒತ್ತಿದರೆ ತಿದ್ದಿದ್ದೆಲ್ಲ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ, ಕ್ಯಾನ್ಸಲ್ ಕೊಟ್ಟರೆ ಮಾತ್ರ ಹೋಗುತ್ತದೆ. ‘ಈಚೆ ಬಾ’ದಲ್ಲಿ ಆ ‘ಉಳಿಸಿ’ ಎಲ್ಲಿದೆ?

ಪಿಎಫ್7, 8ಕ್ಕೆ ಮೇಲೆ, ಕೆಳಗೆ ಸಾಕು. ಕಮಾಂಡ್ ಸಾಲಿನಲ್ಲಿ ಎಂ ಎಂದು ಬರೆದು ಪಿಎಫ್8 ಒತ್ತಿದರೆ ಒಂದೇ ನೆಗೆತಕ್ಕೆ ಕೊನೆ ಸಾಲು. ಅದಕ್ಕೆ ಹುಡುಗರೇ ‘ತಳ ಮುಟ್ಟು’ ಎಂದು ಹೆಸರಿಟ್ಟಿದ್ದಾರೆ, ಅದನ್ನು ಮುಟ್ಟುವುದಿಲ್ಲ.

ಕಮಾಂಡ್‌ಗೆ ಹಿರಿಯರೊಬ್ಬರು ‘ಅಪ್ಪಣೆ’ ಎಂದು ಸೂಚಿಸಿದರು. ಇಂಪಾದ ಪದ. ಆದರೆ “ಅಪ್ಪಣೆ ಮಾಡಿದರು” ಅಂದರೆ ಆಜ್ಞೆ, “ಅಪ್ಪಣೆ ಕೊಡಿ, ಹೊರಡುತ್ತೇನೆ” ಅಂದರೆ ಅನುಮತಿ. ನಮ್ಮಲ್ಲಿ ಅನುಮತಿ ಕೊಡುವ ಪರ್ಮಿಟ್ ಎಂಬುದೇ ಒಂದು ಕಮಾಂಡ್. ಆಗ ಅದು ಅಪ್ಪಣೆ ಕೊಡುವ ಅಪ್ಪಣೆ ಆಗಿಬಿಡುತ್ತದೆ. ‘ಕಮಾಂಡ್’ ಎಂದೇ ಉಳಿಸಿದ್ದೇನೆ. ಹಾಗೆಯೇ ‘ಕೀ’ಗೆ ‘ಕೀಲಿ’ ಬೇಡ ಎಂದೂ ನಿರ್ಧಾರ ಮಾಡಿದ್ದೇನೆ. ಉತ್ತರ ಕರ್ನಾಟಕದವರಿಗೆ ಕೀಲಿ ಅಂದರೆ ಬೀಗ. ಭದ್ರತೆಯ ಟಿಪ್ಪಣಿಯಲ್ಲಿ “ಮೂರನೇ ಕೀಲಿ ಒತ್ತಿ” ಎಂದು ಬರೆದರೆ ಯಾರಾದರೂ ಬಾಗಿಲು ಹುಡುಕಿಯಾರು.

ನನಗೆ ಬೇಕಾದದ್ದು ಎರಡು. ‘ಕೈಬಿಡು’ ಎಂದು ಫೋನಿನಲ್ಲಿ ಕೇಳಿಸಿಕೊಂಡರೆ, ಕೀಯಿಂದ ಬೆರಳು ತೆಗೆ ಎಂದು ಯಾರಾದರೂ ತಿಳಿದುಕೊಳ್ಳುವ ಸಂಭವ ಇದೆಯೇ? ಮತ್ತೆ, ‘ತಿದ್ದಿದ್ದನ್ನು ಉಳಿಸಿಕೊಂಡು ಒಂದು ಹೆಜ್ಜೆ ಈಚೆ ಬಾ’ ಎಂಬಷ್ಟನ್ನೂ ಒಂದೇ ಪದದಲ್ಲಿ ಹೇಳುವ ಮಾತು ನಿಮ್ಮ ಕಡೆ ಇದೆಯೇ? ಮಧುಗಿರಿ, ಶಿರಾ ಕಡೆಯವರು ಮಗ್ಗದ ಮನೆಯಲ್ಲೋ ಲೆಕ್ಕದ ಪುಸ್ತಕದಲ್ಲೋ ಅಂಥದ್ದು ಕೇಳಿದ್ದರೆ ತಿಳಿಸಿ. ಸೋಮವಾರ ಟಿಪ್ಪಣಿಯನ್ನು ಜೆರಾಕ್ಸ್‌ಗೆ ಕೊಡಬೇಕು.