ಸುಡೋ ಬಿಸಿಲಲ್ಲಿ ಕರೆಂಟ್ ಹೋದ್ರೆ ಸೋಲಾರೂ ಯಾಕೆ ಆಫ್ ಆಗತ್ತೆ?

ಪ್ರಶ್ನೆ: ಗ್ರೂಪಲ್ಲಿ ಗ್ರಿಡ್ ಕೆಲಸ ಗೊತ್ತಿರೋರು ಇದ್ರೆ ದಯವಿಟ್ಟು ಹೇಳಿ. ಮನೆ ಮೇಲೆ ಸೋಲಾರ್ ಹಾಕ್ಸಿದೀವಿ, ಬ್ಯಾಟರಿ ಇಲ್ಲ, ನೇರ ಲೈನಿಗೆ ಸೇರಿಸಿರೋದು. ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋಯ್ತು, ಅದರ ಜೊತೆಗೇ ಸೋಲಾರೂ ನಿಂತೋಯ್ತು. ಪ್ಯಾನೆಲ್ ಮೇಲೆ ಅಷ್ಟು ಬಿಸಿಲಿದ್ದು ಫ್ಯಾನ್ ಇಲ್ದೆ ಕೂರೋದು ಅಂದ್ರೆ ಏನರ್ಥ? ಇನ್ನೊಂದು, ಸೋಲಾರು ವಿಂಡು ಜಾಸ್ತಿ ಆದ್ರೆ ಗ್ರಿಡ್ಡೇ ಬಿದ್ದೋಗತ್ತೆ ಅಂತಾರಲ್ಲ, ನಿಜಾನಾ?

ಉತ್ತರ: ನಾನು ಲೋಡ್ ಡಿಸ್ಪ್ಯಾಚ್ ಸೆಂಟರಲ್ಲಿ, ಅಂದ್ರೆ ಗ್ರಿಡ್ಡಲ್ಲಿ ಉತ್ಪಾದನೆ ಬಳಕೆ ಸರಿದೂಗಿಸೋ ಕಂಟ್ರೋಲ್ ರೂಮಲ್ಲಿ ಕೆಲಸ ಮಾಡೋನು. ಮೊದಲನೇದಕ್ಕೆ ಎಲ್ರೂ ಹೇಳೋ ಕಾರಣ ಸೇಫ್ಟಿ, ಅದು ಸರಿನೇ. ಲೈನ್ ಆಫ್ ಇದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮನೆ ಸೋಲಾರ್ ಕರೆಂಟ್ ಹೊಡೀಬಾರ್ದು ಅಂತ ಇನ್ವರ್ಟರ್ ತಾನಾಗೇ ಕಟ್ ಆಗತ್ತೆ. ಇದಕ್ಕೆ ಆಂಟಿ ಐಲ್ಯಾಂಡಿಂಗ್ ಅಂತೀವಿ. ಆದ್ರೆ ಆ ರೂಲ್ ಇರ್ಲಿಲ್ಲ ಅಂದ್ರೂ ನಿಮ್ಮ ಇನ್ವರ್ಟರಿಗೆ ಒಂಟಿಯಾಗಿ ನಡೆಯೋಕೆ ಬರಲ್ಲ. ಪ್ಯಾನೆಲ್ ಕೊಡೋದು ಡಿಸಿ, ಇನ್ವರ್ಟರ್ ಲೈನಲ್ಲಿ ಆಗ್ಲೇ ಇರೋ ವೋಲ್ಟೇಜ್ ಅಲೆ ನೋಡ್ಕೊಂಡು ಅದಕ್ಕೆ ಹೊಂದ್ಕೊಂಡು ಎಸಿ ಕರೆಂಟ್ ತಳ್ಳತ್ತೆ ಅಷ್ಟೆ. ತಾಳ ಹಾಕೋರೇ ಎದ್ದು ಹೋದ್ರೆ ಹಾಡೋರು ಏನ್ಮಾಡ್ತಾರೆ, ಹಾಗೆ. ಇದು ಗ್ರಿಡ್ ಫಾಲೋಯಿಂಗ್ ಇನ್ವರ್ಟರ್. ನಿಮ್ಮ ಎರಡನೇ ಪ್ರಶ್ನೆ ಬುಡನೂ ಇಲ್ಲೇ ಇದೆ.

ತಾಳ ಹಾಕೋರು ಯಾರು ಅಂದ್ರೆ ಕಲ್ಲಿದ್ದಲು, ಗ್ಯಾಸ್, ಹೈಡ್ರೋ, ನ್ಯೂಕ್ಲಿಯರ್ ಪ್ಲಾಂಟಲ್ಲಿ ತಿರುಗೋ ದೊಡ್ಡ ದೊಡ್ಡ ಜನರೇಟರ್‌ಗಳು. 50 ಹರ್ಟ್ಜ್ ಫ್ರೀಕ್ವೆನ್ಸಿ, ಅಂದ್ರೆ ಅಲೆ ಸೆಕೆಂಡಿಗೆ 50 ಸಲ ಬರೋ ಗ್ರಿಡ್ಡಲ್ಲಿ ಎರಡು ಪೋಲಿನ (ಅಯಸ್ಕಾಂತದ ಧ್ರುವ) ಜನರೇಟರ್ ನಿಮಿಷಕ್ಕೆ 3000 ಸುತ್ತು ಸುತ್ತತ್ತೆ, ನಾಲ್ಕು ಪೋಲಿಂದು 1500, ಒಂದು ಗ್ರಿಡ್ಡಿಗೆ ಸೇರಿರೋವೆಲ್ಲ ಸಾವಿರಾರು ಕಿಲೋಮೀಟರ್ ದೂರ ಇದ್ರೂ ಒಂದಕ್ಕೊಂದು ಕಟ್ಟಿಹಾಕಿದಂಗೆ ಒಟ್ಟಿಗೇ ಸುತ್ತತ್ವೆ. ತಂತಿಯಲ್ಲಿ ಕರೆಂಟ್ ಕೂಡಿಡೋಕೆ ಆಗಲ್ಲ, ನೀವು ಸ್ವಿಚ್ ಹಾಕಿದ ಕ್ಷಣಕ್ಕೇ ಅದು ಎಲ್ಲಿಂದಾದ್ರೂ ಬರ್ಬೇಕು. ಹಾಗಾಗಿ ಎಲ್ಲೋ ಒಂದು ದೊಡ್ಡ ಯೂನಿಟ್ ದಿಢೀರ್ ಟ್ರಿಪ್ ಆಯ್ತು ಅಂದ್ರೆ ಮೊದಲ ಕೆಲವು ಸೆಕೆಂಡು ಆ ಕೊರತೆ ತುಂಬೋದು ತಿರುಗ್ತಾ ಇರೋ ಈ ಟನ್‌ಗಟ್ಟಲೆ ಉಕ್ಕು, ಅದು ತನ್ನ ವೇಗನ ಸ್ವಲ್ಪ ಕಳ್ಕೊಂಡು ಕರೆಂಟ್ ಕೊಡತ್ತೆ, ಫ್ರೀಕ್ವೆನ್ಸಿ ಇಳಿಯತ್ತೆ, ಆಮೇಲೆ ಗವರ್ನರ್ ಅನ್ನೋ ವೇಗ ನಿಯಂತ್ರಕ ಅದನ್ನ ನೋಡಿ ಸ್ಟೀಮೋ ನೀರೋ ಜಾಸ್ತಿ ಬಿಡತ್ತೆ. ಈ ಮೊದಲ ಸೆಕೆಂಡುಗಳ ತಾಕತ್ತನ್ನೇ ಇನರ್ಷಿಯಾ ಅನ್ನೋದು. ಸೋಲಾರ್ ಪ್ಯಾನೆಲಲ್ಲಿ ತಿರುಗೋದು ಏನೂ ಇಲ್ಲ. ಈಗಿನ ವಿಂಡ್ ಟರ್ಬೈನ್ ತಿರುಗಿದ್ರೂ ಮಧ್ಯೆ ಎಲೆಕ್ಟ್ರಾನಿಕ್ಸ್ ಇರೋದ್ರಿಂದ ಆ ವೇಗ ಗ್ರಿಡ್ಡಿಗೆ ನೇರವಾಗಿ ಕಟ್ಕೊಂಡಿರಲ್ಲ.

ಆದ್ರೆ "ಬಿದ್ದೋಗತ್ತೆ" ಅನ್ನೋದು ಅತಿಯಾಯ್ತು. ನನ್ನ ಅನುಭವದಲ್ಲಿ ಪ್ಯಾನೆಲ್‌ಗಿಂತ ಜಾಸ್ತಿ ತಲೆನೋವು ಅದರ ಸೆಟ್ಟಿಂಗು. ಜರ್ಮನೀಲಿ ಫ್ರೀಕ್ವೆನ್ಸಿ 50.2 ಹರ್ಟ್ಜ್ ದಾಟಿದ್ರೆ ಸೋಲಾರ್ ತಕ್ಷಣ ಕಟ್ ಆಗ್ಬೇಕು ಅಂತ ಒಂದು ಕಾಲದಲ್ಲಿ ರೂಲಿತ್ತು. ಸೋಲಾರ್ ಚೂರುಪಾರು ಇದ್ದಾಗ ಬರೆದಿದ್ದು, ಯಾರಿಗೂ ತೊಂದ್ರೆ ಇರ್ಲಿಲ್ಲ. ಆಮೇಲೆ ಸಾವಿರಾರು ಮೆಗಾವ್ಯಾಟ್ ಬಂದ್ಮೇಲೆ ಯೋಚನೆ ಮಾಡಿ, 50.2 ಆದ ಕ್ಷಣ ಅಷ್ಟೂ ಒಟ್ಟಿಗೇ ಆಫ್! ಯುರೋಪ್ ಗ್ರಿಡ್ ತಯಾರಾಗಿ ಇಟ್ಕೊಂಡಿದ್ದ ರಿಸರ್ವ್ ಸುಮಾರು 3000 ಮೆಗಾವ್ಯಾಟ್ ನಷ್ಟಕ್ಕೆ ಲೆಕ್ಕ ಹಾಕಿದ್ದು. 2012ರಲ್ಲಿ ಹೊಸ ಆದೇಶ ತಂದು 3 ಲಕ್ಷಕ್ಕಿಂತ ಜಾಸ್ತಿ ಹಳೇ ಪ್ಲಾಂಟ್‌ಗಳ ಸೆಟ್ಟಿಂಗ್ ಬದಲಾಯಿಸ್ಬೇಕಾಯ್ತು. ಹೊಸದಾಗಿ ಹಾಕೋವು ಈಗ ಫ್ರೀಕ್ವೆನ್ಸಿ ಏರಿದಂಗೆ ನಿಧಾನಕ್ಕೆ ಕಮ್ಮಿ ಮಾಡ್ಕೊಂಡು ಹೋಗತ್ವೆ.

ಪ್ರಶ್ನೆ (ಇನ್ನೊಬ್ಬರು): ಸರ್, 2025 ಏಪ್ರಿಲ್ 28ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದ್ವಲ್ಲ, ಅದು ಇನರ್ಷಿಯಾ ಕಮ್ಮಿ ಆಗಿದ್ದಕ್ಕೇ ಅಂತ ವಾಟ್ಸಾಪಲ್ಲಿ ಬಂದಿತ್ತು.

ಉತ್ತರ: ವಾಟ್ಸಾಪು ಅವತ್ತು ಸಂಜೆನೇ ತೀರ್ಪು ಕೊಟ್ಬಿಡ್ತು, ಎಕ್ಸ್‌ಪರ್ಟ್ ಪ್ಯಾನೆಲ್‌ಗೆ ಮಾತ್ರ ತಿಂಗಳುಗಟ್ಟಲೆ ಬೇಕಾಯ್ತು. ತನಿಖೇಲಿ ಸಿಕ್ಕಿದ್ದು ವೋಲ್ಟೇಜ್ ವಿಷ್ಯ. ವೋಲ್ಟೇಜ್ ಏರ್ತಾ ಹೋಯ್ತು, ಅದಕ್ಕೆ ಪ್ಲಾಂಟ್‌ಗಳು ಒಂದೊಂದೇ ಟ್ರಿಪ್ ಆದ್ವು, ಟ್ರಿಪ್ ಆದಂಗೆ ವೋಲ್ಟೇಜ್ ಇನ್ನೂ ಏರ್ತು. ಅಲ್ಲಿನ ಆಗಿನ ರೂಲ್ ಪ್ರಕಾರ ಸೋಲಾರು ವಿಂಡು ಎಲ್ಲ ಫಿಕ್ಸೆಡ್ ಪವರ್ ಫ್ಯಾಕ್ಟರಲ್ಲಿ ಓಡ್ತಿದ್ವು, ಅಂದ್ರೆ ವೋಲ್ಟೇಜ್ ನೋಡ್ಕೊಂಡು ಸರಿ ಮಾಡೋ ಕೆಲಸ ಅವುಕ್ಕೆ ಕೊಟ್ಟೇ ಇರ್ಲಿಲ್ಲ. ಆ ಕೆಲಸ ಇದ್ದ ಮಾಮೂಲಿ ಪ್ಲಾಂಟ್‌ಗಳೂ ಸಾಕಷ್ಟು ಮಾಡ್ಲಿಲ್ಲ ಅಂತ ಸ್ಪೇನ್ ಸರ್ಕಾರದ ರಿಪೋರ್ಟೇ ಹೇಳತ್ತೆ. ಈಗಿನ ಇನ್ವರ್ಟರಿಗೆ ಆ ಕೆಲಸ ಚೆನ್ನಾಗೇ ಬರತ್ತೆ, ಮಾಡು ಅಂತ ಹೇಳ್ಬೇಕಷ್ಟೆ.

ಪ್ರಶ್ನೆ: ಸರಿ, ಕಲ್ಲಿದ್ದಲು ಪ್ಲಾಂಟ್ ಮುಚ್ಚಿದ್ಮೇಲೆ ತಾಳ ಹಾಕೋದು ಯಾರು ಹಾಗಾದ್ರೆ?

ಉತ್ತರ: ದಕ್ಷಿಣ ಆಸ್ಟ್ರೇಲಿಯಾ ನೋಡಿ. 2016 ಸೆಪ್ಟೆಂಬರ್ 28ರ ಬಿರುಗಾಳೀಲಿ ಟ್ರಾನ್ಸ್‌ಮಿಷನ್ ಟವರ್‌ಗಳು ಉರುಳಿ ವೋಲ್ಟೇಜ್ ಮೇಲಿಂದ ಮೇಲೆ ಕುಸೀತು. ಹಲವು ವಿಂಡ್ ಫಾರ್ಮ್‌ಗಳು ಇಂಥ ಏಟು ಇಷ್ಟು ಸಲ ಬಿದ್ರೆ ನಿಂತ್ಬಿಡು ಅನ್ನೋ ಸೆಟ್ಟಿಂಗಿಂದ ಉತ್ಪಾದನೆ ಕಡಿಮೆ ಮಾಡಿದ್ವು (ಮತ್ತೆ ಸೆಟ್ಟಿಂಗು!), ಪಕ್ಕದ ರಾಜ್ಯದ ಲೈನಿಗೆ ಓವರ್‌ಲೋಡ್ ಆಗಿ ಅದೂ ಟ್ರಿಪ್, ಇಡೀ ರಾಜ್ಯ ಕತ್ತಲು. ಮುಂದಿನ ವರ್ಷನೇ ಅಲ್ಲಿ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಹಾಕಿದ್ರು, ಫ್ರೀಕ್ವೆನ್ಸಿ ಇಳಿದ್ರೆ ಅದು ಸೆಕೆಂಡಿಗಿಂತ ಬೇಗ ಕರೆಂಟ್ ಕೊಡತ್ತೆ, ಸ್ಟೀಮ್ ಪ್ಲಾಂಟಿಗೆ ಆ ಸ್ಪೀಡು ಕನಸಲ್ಲೂ ಇಲ್ಲ. 2021ರಲ್ಲಿ ನಾಲ್ಕು ಸಿಂಕ್ರೋನಸ್ ಕಂಡೆನ್ಸರ್ ಕೂರಿಸಿದ್ರು. ಅದು ಇಂಧನನೇ ಇಲ್ದೆ ಗ್ರಿಡ್ ಕರೆಂಟಲ್ಲೇ ಸುಮ್ನೆ ತಿರುಗೋ ಮಷೀನು, ಇನರ್ಷಿಯಾಗೂ ವೋಲ್ಟೇಜಿಗೂ. ಇದರ ಜೊತೆ ಈಗ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಬರ್ತಿವೆ, ಇವು ಬೇರೆಯವರ ಅಲೆ ಕಾಯಲ್ಲ, ತಾವೇ ಅಲೆ ಹುಟ್ಟಿಸ್ತವೆ. ಇವು ಬ್ಯಾಟರಿ ಜೊತೆ ಚೆನ್ನಾಗಿ ನಡೆಯತ್ವೆ, ಬರೀ ಪ್ಯಾನೆಲ್ ಇದ್ರೆ ಕಷ್ಟ, ಯಾಕಂದ್ರೆ ಥಟ್ ಅಂತ ಜಾಸ್ತಿ ಕೊಡೋಕೆ ಕೈಯಲ್ಲಿ ಏನಾದ್ರೂ ಉಳಿಸ್ಕೊಂಡಿರ್ಬೇಕಲ್ಲ.

ರಾತ್ರಿ ಏನು ಗತಿ ಅನ್ನೋದು ಬೇರೇನೇ ಲೆಕ್ಕ. ಸಂಜೆ ಸೋಲಾರ್ ಇಳಿಯೋದೂ ಮನೆ ಲೋಡ್ ಏರೋದೂ ಒಟ್ಟಿಗೇ ಬರೋದ್ರಿಂದ ಹೈಡ್ರೋ, ಪಂಪ್ಡ್ ಸ್ಟೋರೇಜ್ (ಕರೆಂಟ್ ಜಾಸ್ತಿ ಇದ್ದಾಗ ನೀರು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು), ಬ್ಯಾಟರಿ ಎಲ್ಲ ಸೇರಿಸಿ ಎಳೀಬೇಕು.

ಪ್ರಶ್ನೆ: ಅಂದ್ರೆ ನಾನು ಒಂದು ಬ್ಯಾಟರಿ ತಂದು ಜೋಡಿಸಿದ್ರೆ ಕರೆಂಟ್ ಹೋದಾಗ್ಲೂ ಸೋಲಾರ್ ನಡೆಯತ್ತಾ?

ಉತ್ತರ: ಬರೀ ಬ್ಯಾಟರಿ ತಂದ್ರೆ ಆಗಲ್ಲ. ಹೈಬ್ರಿಡ್ ಇನ್ವರ್ಟರ್ ಬೇಕು, ಬ್ಯಾಕಪ್ ಔಟ್‌ಪುಟ್ ಇರೋದು, ಕರೆಂಟ್ ಹೋದಾಗ ಮೊದಲು ಮನೇನ ಲೈನಿಂದ ಬಿಡಿಸಿ ಆಮೇಲೆ ತಾನೇ ಅಲೆ ಹುಟ್ಟಿಸೋದು. ಹೈಬ್ರಿಡ್ ಅಂತ ಬರೆದಿದ್ರೂ ಎಲ್ಲದರಲ್ಲೂ ಬ್ಯಾಕಪ್ ಇರಲ್ಲ, ಡೇಟಾಶೀಟ್ ನೋಡಿ. ಹಾಕೋರ ಹತ್ರ ಬ್ಯಾಕಪ್‌ಗೆ ಯಾವ್ಯಾವ ಲೋಡ್ ಕೊಡ್ತೀರಿ ಅಂತ ಮೊದಲೇ ಬರೆಸ್ಕೊಳ್ಳಿ. ಫ್ಯಾನು ಲೈಟು ಫ್ರಿಡ್ಜು ಸಾಕು, ಗೀಸರ್ ಮಾತ್ರ ಸೇರಿಸ್ಬೇಡಿ.