86ರ ರೋಡ್‌ಕಿಂಗ್ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದಾ, ಕೊಟ್ಟುಬಿಡುವುದಾ?

ಹಾಸನ_86

ಎಲ್ಲರಿಗೂ ನಮಸ್ಕಾರ. ಅಪ್ಪನ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಹಾಸನದ ಮನೆಯಲ್ಲಿದೆ. ಮೊದಲ ಮಾಲೀಕರು ಅವರೇ. ಪ್ಲಗ್‌ಗೆ ಕಿಡಿ ಕೊಡಲು ಪಾಯಿಂಟ್, ಕಂಡೆನ್ಸರ್ ಇರುವ ಹಳೇ ವ್ಯವಸ್ಥೆಯೇ ಇದೆ, ಯಾವುದನ್ನೂ ಬದಲಾಯಿಸಿಲ್ಲ. ಈಗ ಅಪ್ಪನಿಗೆ ಮಂಡಿ ನೋವು, ಕಿಕ್ ಹೊಡೆಯಲು ಆಗಲ್ಲ. ನಾನು ಬೆಂಗಳೂರಿನಲ್ಲಿದ್ದೇನೆ, ತಿಂಗಳಿಗೆ ಒಂದೆರಡು ಸಲ ಊರಿಗೆ ಹೋದಾಗ ಓಡಿಸುತ್ತೇನೆ.

ಸಮಸ್ಯೆ ಏನೆಂದರೆ ಹೊಗೆ ತುಂಬಾ ಜಾಸ್ತಿಯಾಗಿದೆ. ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ, ಆದರೆ ಗಾಡಿ ಕೆಳಗೆ ಒಂದು ಹನಿ ಕಲೆಯೂ ಇಲ್ಲ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೆಕ್ಯಾನಿಕ್ ಒಬ್ಬರು ಬೋರ್ (ಸವೆದ ಸಿಲಿಂಡರ್ ಒಳಗೆ ಕೊರೆದು ಸರಿಮಾಡುವುದು), ಕ್ರ್ಯಾಂಕ್ (ಪಿಸ್ಟನ್ ಓಡಾಟದಿಂದ ತಿರುಗುವ ದಂಡ), ಪೇಂಟ್, ಕ್ರೋಮ್ ಎಲ್ಲ ಸೇರಿ 70 ಸಾವಿರ ಅಂದರು. ಇನ್ನೊಬ್ಬರು ಇರುವ ಹಾಗೇ 90 ಸಾವಿರಕ್ಕೆ ಕೊಡಿ ಅಂತ ಮನೆಗೇ ಬಂದು ಕೇಳಿದರು. ಆರ್‌ಸಿ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ. ಹಳೇ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಸುತ್ತಾರೆ ಅಂತ ಬೇರೆ ಹೇಳುತ್ತಿದ್ದಾರೆ. ಅಪ್ಪ ಮಾರು ಅಂತಲೂ ಹೇಳಲ್ಲ, ಇಟ್ಟುಕೋ ಅಂತಲೂ ಹೇಳಲ್ಲ. ಇಂಥ ಗಾಡಿ ಇಟ್ಟುಕೊಂಡವರು ನಿಜವಾದ ಖರ್ಚು ಎಷ್ಟು, ಅದರಿಂದ ಸಿಗುವ ಖುಷಿ ಎಷ್ಟು ಅಂತ ಹೇಳುತ್ತೀರಾ?

ಯಾದವಗಿರಿ ಟೂ ಸ್ಟ್ರೋಕ್

ಮೊದಲು ಆ 70 ಸಾವಿರದ ಲೆಕ್ಕವನ್ನು ಪಕ್ಕಕ್ಕಿಡಿ. ಅದರಲ್ಲಿ ಇಂಜಿನ್ ಕೆಲಸ ಎಷ್ಟು, ಪೇಂಟ್, ಕ್ರೋಮ್‌ಗೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಓಡುವ ಗಾಡಿಗೆ ಬಣ್ಣ ಆಮೇಲೆ.

ನೀವು ಹೇಳಿದ ಲಕ್ಷಣ ನೋಡಿದರೆ ಅದು ಕ್ರ್ಯಾಂಕ್‌ನ ಎಡಗಡೆಯ ಆಯಿಲ್ ಸೀಲ್. ಜಾವಾ, ಯೆಜ್ಡಿಯಲ್ಲಿ ಕ್ಲಚ್ ಇರುವ ಎಡಗಡೆಯ ಕೇಸ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್. ಆ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಇಂಜಿನ್ ಆ ಆಯಿಲನ್ನು ಒಳಗೆ ಎಳೆದುಕೊಂಡು ಪೆಟ್ರೋಲ್ ಜೊತೆ ಸುಡುತ್ತದೆ. ಅದಕ್ಕೇ ನೆಲದ ಮೇಲೆ ಕಲೆ ಇಲ್ಲ, ಆಯಿಲ್ ಮಾತ್ರ ಮಾಯ. ಸೀಲ್‌ನ ಬೆಲೆ ತೀರಾ ಕಡಿಮೆ, ದುಡ್ಡು ಹೋಗುವುದು ಬಿಚ್ಚಿ ಜೋಡಿಸುವ ಕೂಲಿಗೆ. ಹೇಗೂ ಬಿಚ್ಚುತ್ತಾರಲ್ಲ, ಬಲಗಡೆಯದನ್ನೂ ಹಾಕಿಸಿಬಿಡಿ. ಅದು ಹೋದರೆ ಆಯಿಲ್ ಬದಲು ಗಾಳಿ ಒಳಗೆ ಬರುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ವಿಪರೀತ ಬಿಸಿಯಾಗುತ್ತದೆ, ಘಾಟಿ ಹತ್ತುವಾಗ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಸೀಜ್ ಆಗುವುದು ಹೀಗೇ.

ಬಿಸಿಯಾದ ಮೇಲೆ ಸ್ಟಾರ್ಟ್ ಆಗದಿದ್ದರೆ ಮೊದಲು ಕಂಡೆನ್ಸರ್ ಬದಲಾಯಿಸಿ ನೋಡಿ, ಆಮೇಲೆ ಕಾಯಿಲ್. ಬೋರ್ ಮಾಡಿಸುವ ಮುಂಚೆ ಅಳತೆ ತೆಗೆಸಿ. ಈ ಇಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಈಗ ಬ್ಲಾಕ್ (ಸಿಲಿಂಡರ್) ಯಾವ ಸೈಜಿನಲ್ಲಿದೆ, ಎಷ್ಟು ಸವೆದಿದೆ ಅಂತ ನೋಡದೆ ಬೋರ್ ಹೊಡೆಸುವುದು ತಪ್ಪು. ಒಂದೊಂದು ಬೋರಿಗೂ ಬ್ಲಾಕಿನ ಆಯಸ್ಸು ಕಡಿಮೆಯಾಗುತ್ತದೆ. ಅದರ ಜೊತೆ ಸೈಲೆನ್ಸರ್ ಎರಡನ್ನೂ ಬಿಚ್ಚಿ ಒಳಗಿನ ಜಾಲರಿ ಹೊರಗೆಳೆದು ಕಾರ್ಬನ್ ತೆಗೆಸಿ. ಎಷ್ಟೋ ಸಲ "ಪಿಕಪ್ ಇಲ್ಲ, ಬೋರ್ ಹೋಗಿದೆ" ಅಂತ ಹೇಳುವ ಗಾಡಿಯಲ್ಲಿ ಹೋಗಿರುವುದು ಬೋರಲ್ಲ, ಸೈಲೆನ್ಸರ್ ಕಟ್ಟಿಕೊಂಡಿರುತ್ತದೆ, ಅಷ್ಟೇ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಬಿಚ್ಚಿದ ಪ್ರತಿಯೊಂದು ಹಳೇ ಪಾರ್ಟನ್ನೂ ವಾಪಸ್ ಕೇಳಿ ಮನೆಗೆ ತನ್ನಿ. ಇವುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಪಾರ್ಟುಗಳ ಲೋಹ, ಫಿಟಿಂಗ್ ಈಗ ಮಾರ್ಕೆಟ್ಟಿನಲ್ಲಿ ಸಿಗುವ ಹೊಸ ಮಾಲಿನಲ್ಲಿ ಇರುವುದಿಲ್ಲ. 2018ರಲ್ಲಿ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿ ಎರಡೂ ಫೋರ್ ಸ್ಟ್ರೋಕ್. ನಿಮ್ಮದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್, ಅವುಗಳ ಇಂಜಿನ್ ಪಾರ್ಟ್ ನಿಮ್ಮ ಗಾಡಿಗೆ ಉಪಯೋಗವಿಲ್ಲ.

ಕಾಗದಪತ್ರ

ಗುಜರಿ ವಿಷಯ ಹೇಳುತ್ತೇನೆ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವ ನಿರ್ಬಂಧ ಬಂದಿದ್ದು ದೆಹಲಿ ಸುತ್ತಮುತ್ತ. ನಮ್ಮಲ್ಲಿ ಖಾಸಗಿ ಗಾಡಿಗೆ ಅಂಥದ್ದಿಲ್ಲ. 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಓಗೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು, ಅಷ್ಟೇ. ಆದರೆ ಶುಲ್ಕ ಏರಿದೆ. 2022ರ ಏಪ್ರಿಲ್‌ನಿಂದ ಬೈಕಿಗೆ 1,000 ರೂ. ಇತ್ತು, 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ರೂ. ಮಾಡಿದ್ದಾರೆ. ಜೊತೆಗೆ ಗ್ರೀನ್ ಟ್ಯಾಕ್ಸ್. ತಡ ಮಾಡಿದರೆ ತಿಂಗಳಿಗೆ 300 ರೂ. ದಂಡ ಅಂತ ನಿಯಮದಲ್ಲಿದೆ. ಅವಧಿ ಮುಗಿಯುವ 60 ದಿನ ಮುಂಚೆಯೇ ಅರ್ಜಿ ಹಾಕಬಹುದು, ಜನವರಿ ಕೊನೆಯಲ್ಲೇ ಹಾಕಿ. ಚಾಸಿ ನಂಬರ್ ಮೇಲೆ ಪೇಂಟ್ ಬಳಿದು ಮುಚ್ಚಿಬಿಟ್ಟಿದ್ದರೆ ಮೊದಲೇ ಕೆರೆದು ಓದುವ ಹಾಗೆ ಮಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಒದ್ದಾಡಬೇಡಿ.

ಎಮಿಷನ್ ಟೆಸ್ಟ್ ಆರು ತಿಂಗಳಿಗೊಮ್ಮೆ. 2000ದ ಮಾರ್ಚ್‌ಗೆ ಮುಂಚಿನ ಟೂ ಸ್ಟ್ರೋಕ್‌ಗೆ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ, ಹೈಡ್ರೋಕಾರ್ಬನ್ 9,000 ಪಿಪಿಎಂವರೆಗೆ ಅವಕಾಶ ಇದೆ. ಸೀಲ್ ಸರಿಯಿದ್ದು ಆಯಿಲ್ ಅಳತೆಯಲ್ಲಿ ಹಾಕಿದರೆ ಪಾಸಾಗುತ್ತದೆ. ಇನ್ಶೂರೆನ್ಸ್, 150ರಿಂದ 350 ಸಿಸಿ ಥರ್ಡ್ ಪಾರ್ಟಿಗೆ 2022ರಲ್ಲಿ ನಿಗದಿ ಮಾಡಿದ ದರ ವರ್ಷಕ್ಕೆ 1,366 ರೂ., ಮೇಲೆ ಜಿಎಸ್‌ಟಿ.

50 ವರ್ಷ ಆಗುವ ಹೊತ್ತಿಗೆ ಯಾರಾದರೂ "ವಿಂಟೇಜ್ ನೋಂದಣಿ ಮಾಡಿಸಿ" ಅಂದರೆ ಯೋಚಿಸಿ. 2021ರ ನಿಯಮದಲ್ಲಿ ಅದಕ್ಕೆ ಶುಲ್ಕವೇ 20,000 ರೂ., ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ.

ಮಾರಿದವನು

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ನಮ್ಮ ಚಿಕ್ಕಪ್ಪನ ಯೆಜ್ಡಿ ಕ್ಲಾಸಿಕ್ ಮಾರಿದೆ, ಅದು ಸರಿಯಾದ ತೀರ್ಮಾನ ಅಂತಲೇ ಇವತ್ತಿಗೂ ಅನ್ನಿಸುತ್ತದೆ. ದುಡ್ಡಿಗಾಗಿ ಮಾರಲಿಲ್ಲ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ, ಅದು ನೀರಿನ ಅಂಶ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನೊಳಗೆ ತುಕ್ಕು, ಕಾರ್ಬ್ಯುರೇಟರ್ ಒಳಗೆ ಅಂಟು, ಹಳೇ ರಬ್ಬರ್ ಪೈಪು ಮೆತ್ತಗಾಗಿ ಬಿರಿಯುವುದು, ಒಂದಾದ ಮೇಲೆ ಒಂದು. ನಾನು ಊರಿನಲ್ಲಿರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ. ನನ್ನಿಂದ ತಗೊಂಡವರು ವಾರಕ್ಕೊಮ್ಮೆ ಓಡಿಸುತ್ತಾರೆ, ಗಾಡಿ ಈಗ ಚೆನ್ನಾಗಿದೆ.

ಹೊಗೆಯನ್ನೂ ಯೋಚಿಸಿ. ಬೆಂಗಳೂರಿನ ಸಿಗ್ನಲ್‌ನಲ್ಲಿ ಹಿಂದೆ ಸ್ಕೂಟರಿನಲ್ಲಿ ಮಗು ಕೂತಿರುತ್ತದೆ, ನಮ್ಮ ಖುಷಿಗೆ ಅದು ಕೆಮ್ಮಬಾರದು ಅಲ್ವಾ. ದಿನಾ ಆಫೀಸಿಗೆ ಓಡಿಸುವ ಯೋಚನೆ ಇದ್ದರೆ ಖಂಡಿತ ಬೇಡ.

ಮೂಡಿಗೆರೆ ರಸ್ತೆ

ಮೇಲಿನವರು ಹೇಳಿದ್ದರಲ್ಲಿ ನಿಂತ ಗಾಡಿ ವಿಷಯ ನೂರಕ್ಕೆ ನೂರು ನಿಜ. ಆದರೆ ಇವರು ತಿಂಗಳಿಗೆ ಒಂದೆರಡು ಸಲ ಹೋಗುತ್ತಾರೆ, ಮೊದಲ ಮಾಲೀಕರು ಮನೆಯಲ್ಲೇ ಇದ್ದಾರೆ. ಇದು ಮಾರುವ ಗಾಡಿ ಅಲ್ಲ ಅಂತ ನನ್ನ ಅಭಿಪ್ರಾಯ.

ನನ್ನ ಹತ್ತಿರ ಇರುವುದೂ ರೋಡ್‌ಕಿಂಗ್. ಖರ್ಚು ಹೇಳುತ್ತೇನೆ. ಲೀಟರಿಗೆ 25ರಿಂದ 30 ಕಿ.ಮೀ. ಕೊಡುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಬೇಕು. ಪ್ಲಗ್, ಪಾಯಿಂಟ್, ಕ್ಲಚ್ ಕೇಬಲ್, ಚೈನ್ ಇವು ಯಾವುದೂ ದೊಡ್ಡ ಖರ್ಚಲ್ಲ. ಇಂಜಿನ್ ಒಂದು ಸಲ ಸರಿಯಾಗಿ ಕಟ್ಟಿಸಿದರೆ ಆಮೇಲೆ ವರ್ಷಾನುಗಟ್ಟಲೆ ಕೈ ಕಚ್ಚುವುದಿಲ್ಲ. ಹೆಚ್ಚು ಖರ್ಚಾಗುವುದು ಸಮಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟಿಗಾಗಿ ಅಂಗಡಿ ಅಂಗಡಿ ಸುತ್ತುವುದು, ಸಿಕ್ಕ ಪಾರ್ಟ್ ಸೈಜ್ ಕೂರದೆ ವಾಪಸ್ ಹೋಗುವುದು, ಮೆಕ್ಯಾನಿಕ್‌ಗೆ ಪುರುಸೊತ್ತಾಗುವವರೆಗೆ ಕಾಯುವುದು. ಆ ಕಾಯುವಿಕೆ ನಿಮಗೆ ಹಿಂಸೆ ಅನ್ನಿಸುತ್ತದಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಹಿಂಸೆ ಅನ್ನಿಸಿದರೆ ಕೊಟ್ಟುಬಿಡಿ.

ಖುಷಿ ಬಗ್ಗೆ ಕೇಳಿದಿರಲ್ಲ. ಚಾರ್ಮಾಡಿ ಕಡೆ ಬೆಳಿಗ್ಗೆ ಮಂಜಿನಲ್ಲಿ ಎರಡನೇ ಗೇರಿನಲ್ಲಿ ಹತ್ತಿಸುವಾಗ ಆ ಎರಡು ಸೈಲೆನ್ಸರಿನ ಸದ್ದು ಬಂಡೆಗೆ ತಾಗಿ ಹಿಂದಕ್ಕೆ ಬರುತ್ತದೆ, ಅದನ್ನು ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಟೀ ಅಂಗಡಿ ಮುಂದೆ ನಿಲ್ಲಿಸಿದರೆ ಯಾರೋ ಒಬ್ಬರು ಹಿರಿಯರು ಬಂದೇ ಬರುತ್ತಾರೆ, ಕಿಕ್ಕರ್ ಮಡಚಿದರೆ ಅದೇ ಗೇರ್ ಲಿವರ್ ಆಗುವುದನ್ನು ಮೊಮ್ಮಗನಿಗೆ ತೋರಿಸುತ್ತಾರೆ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಬೆಂಗಳೂರಿಗೋ ಮೈಸೂರಿಗೋ ಬನ್ನಿ, ನಿಮಗೆ ಬೇಕಾದ ಪಾರ್ಟ್ ಯಾರ ಮನೆಯ ಅಟ್ಟದ ಮೇಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗೂಡಂಗಡಿಯವರಿಂದ ಡಾಕ್ಟರ್‌ವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಕಾರ್ಬ್ಯುರೇಟರ್ ಬಗ್ಗೆ ಮಾತಾಡುವ ಜಾಗ ನನಗಂತೂ ಬೇರೆ ಗೊತ್ತಿಲ್ಲ.

ಊರಿನಿಂದ ಹೊರಡುವಾಗ ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ, ಕಾರ್ಬ್ಯುರೇಟರ್ ಖಾಲಿಯಾಗುತ್ತದೆ. ಇದೊಂದು ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ಕಡಿಮೆ.

ಹಾಸನ_86

ಎಲ್ಲರಿಗೂ ತುಂಬಾ ಧನ್ಯವಾದ. ಮೆಕ್ಯಾನಿಕ್ ಹತ್ತಿರ ಬಿಡಿಸಿ ಕೇಳಿದೆ. 70ರಲ್ಲಿ ಪೇಂಟ್, ಕ್ರೋಮ್, ಸೀಟು ಸೇರಿ ಅರ್ಧಕ್ಕಿಂತ ಜಾಸ್ತಿ ಇತ್ತು. ಅದೆಲ್ಲ ಬೇಡ ಅಂದೆ. ಸೀಲ್ ಎರಡೂ, ಕಂಡೆನ್ಸರ್, ಸೈಲೆನ್ಸರ್ ಕ್ಲೀನ್ ಈಗ ಮಾಡಿಸುತ್ತೇನೆ, ಬೋರ್ ಬೇಕಾ ಬೇಡವಾ ಅನ್ನುವುದು ಅಳತೆ ನೋಡಿದ ಮೇಲೆ. ಆರ್‌ಸಿ ಅರ್ಜಿ ಜನವರಿಯಲ್ಲೇ ಹಾಕುತ್ತೇನೆ. ಮಾರಿದವರ ಮಾತೂ ಮನಸ್ಸಿಗೆ ತಾಗಿತು, ಬೆಂಗಳೂರಿಗೆ ಗಾಡಿ ತರುವ ಯೋಚನೆ ಬಿಟ್ಟಿದ್ದೇನೆ. 90 ಸಾವಿರಕ್ಕೆ ಕೇಳಿದವರಿಗೆ ಇಲ್ಲ ಅಂತ ಅಪ್ಪನೇ ಫೋನ್ ಮಾಡಿ ಹೇಳಿಬಿಟ್ಟರು, ನನ್ನನ್ನು ಕೇಳಲೂ ಇಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಅಕಸ್ಮಾತ್ ಕ್ರ್ಯಾಂಕ್ ಕೆಲಸ ಬಂದರೆ ಹಾಸನದಲ್ಲೇ ಮಾಡಿಸಬಹುದಾ, ಅಥವಾ ಮೈಸೂರಿಗೆ ಕಳಿಸಬೇಕಾ?

ಯಾದವಗಿರಿ ಟೂ ಸ್ಟ್ರೋಕ್

ಕ್ರ್ಯಾಂಕ್ ಮಾತ್ರ ಬಿಚ್ಚಿ ಗೋಣಿಯಲ್ಲಿ ಸುತ್ತಿ ಮೈಸೂರಿಗೆ ತನ್ನಿ, ಇಡೀ ಗಾಡಿ ತರುವುದು ಬೇಡ. ಕನೆಕ್ಟಿಂಗ್ ರಾಡ್ ಹಾಕಿದ ಮೇಲೆ ಕ್ರ್ಯಾಂಕ್ ನೇರ ಇದೆಯಾ ಅಂತ ಡಯಲ್ ಗೇಜ್ ಇಟ್ಟು ಅಳೆದು ನಿಮ್ಮ ಕಣ್ಣೆದುರಿಗೇ ತೋರಿಸುವ ಲೇತ್‌ನವರಿಗೆ ಮಾತ್ರ ಕೊಡಿ. ಮೈಸೂರಿಗೆ ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ, ನಾನು ಜೊತೆಗೆ ಬರುತ್ತೇನೆ.