ಯುದ್ಧ ಬೇಡ ಅಂತ ಕ್ಯಾಂಪಸ್‌ನಲ್ಲಿ ನಿಲ್ಲಬೇಕು ಅಂತಿದ್ದೇವೆ, ಅಪ್ಪ ಬೇಡ ಅನ್ನುತ್ತಿದ್ದಾರೆ

ನಾಲೆ ಏರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಎ ಮೊದಲ ವರ್ಷ ಓದುತ್ತಿದ್ದೇನೆ, ಊರು ಮಂಡ್ಯದ ಹತ್ತಿರ. ಹಾಸ್ಟೆಲ್‌ನ ಹನ್ನೆರಡು ಜನ ಸೇರಿ ಮುಂದಿನ ಶುಕ್ರವಾರ ಸಂಜೆ ಲೈಬ್ರರಿ ಮುಂದೆ ಒಂದು ಗಂಟೆ ಸುಮ್ನೆ ನಿಲ್ಲೋಣ ಅಂದುಕೊಂಡಿದ್ದೇವೆ. ಘೋಷಣೆ ಇಲ್ಲ, ಮೈಕ್ ಇಲ್ಲ. ಗಾಜಾದಲ್ಲಿ, ಉಕ್ರೇನ್‌ನಲ್ಲಿ ಮಕ್ಕಳು ಸಾಯುವುದು ನಿಲ್ಲಲಿ ಅಂತ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದೂ ಆಗಿದೆ, ಮಾರ್ಕರ್ ಇಂಕು ಮುಗಿದು ಕೊನೆಯ ಎರಡನ್ನು ಕಾಡಿಗೆಯಲ್ಲಿ ಬರೆದೆವು.

ನಿನ್ನೆ ಅಪ್ಪನಿಗೆ ಹೇಳಿದೆ. "ಎಲ್ಲೋ ನಡೆಯೋ ಯುದ್ಧಕ್ಕೆ ನೀನು ಇಲ್ಲಿ ನಿಂತ್ರೆ ಏನಾಗುತ್ತವ್ವ, ಕೇಸು ಗೀಸು ಆದ್ರೆ ನಾಳೆ ಕೆಲಸ ಯಾರು ಕೊಡ್ತಾರೆ" ಅಂದರು. ಕಬ್ಬಿನ ದುಡ್ಡಲ್ಲಿ ನನ್ನನ್ನು ಓದಿಸುತ್ತಿದ್ದಾರೆ, ಅವರ ಮಾತು ತಳ್ಳಿಹಾಕಲು ಆಗುವುದಿಲ್ಲ. ನಾವು ನಿಂತರೆ ನಿಜಕ್ಕೂ ಏನಾದರೂ ಆಗುತ್ತಾ? ಕಾನೂನಿನ ತೊಂದರೆ ಇದೆಯಾ?

ಹಳೇ ಮೇಷ್ಟ್ರು:
ಮಗಳೇ, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ನಿಮ್ಮ ಅಪ್ಪನ ಭಯ ಸುಳ್ಳಲ್ಲ, ಅದನ್ನು ಮೊದಲು ಹೇಳುತ್ತೇನೆ. 1970ರ ಮೇ 4ರಂದು ಅಮೆರಿಕದ ಓಹಾಯೋದಲ್ಲಿ, ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧವನ್ನು ಕಾಂಬೋಡಿಯಾಕ್ಕೂ ಹಬ್ಬಿಸಿದ್ದನ್ನು ವಿರೋಧಿಸಿದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೈನ್ಯದವರು ಗುಂಡು ಹಾರಿಸಿದರು. 13 ಸೆಕೆಂಡಲ್ಲಿ 67 ಗುಂಡು. ನಾಲ್ವರು ಸತ್ತರು, ಒಂಬತ್ತು ಮಂದಿಗೆ ಗಾಯ. ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ. ಅಷ್ಟು ದೂರ ಯಾಕೆ, ನೀವು ದಿನಾ ದಾಟುವ ರಾಮಸ್ವಾಮಿ ವೃತ್ತವನ್ನೇ ನೋಡಿ. 1947ರಲ್ಲಿ ಜನರ ಸರ್ಕಾರ ಬೇಕು ಅಂತ ಮಹಾರಾಜರ ಆಡಳಿತದ ವಿರುದ್ಧ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ಎಷ್ಟು ಜನಕ್ಕೆ ಗೊತ್ತು?

ಏನಾದರೂ ಆಗುತ್ತಾ ಅಂದರೆ, ಶುಕ್ರವಾರ ನಿಂತರೆ ಶನಿವಾರ ಯುದ್ಧ ನಿಲ್ಲುವುದಿಲ್ಲ. 1965ರ ಮಾರ್ಚ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೇಷ್ಟ್ರುಗಳು ವಿಯೆಟ್ನಾಂ ಯುದ್ಧದ ವಿರುದ್ಧ ಒಂದು ದಿನ ಪಾಠ ನಿಲ್ಲಿಸಲು ಹೊರಟರು. ಬಹಳ ವಿರೋಧ ಬಂತು. ಪಾಠ ನಿಲ್ಲಿಸುವುದು ಬೇಡ, ಜಾಸ್ತಿ ಪಾಠ ಮಾಡೋಣ ಅಂತ ರಾತ್ರಿಯಿಡೀ ಆ ಯುದ್ಧದ ಬಗ್ಗೆಯೇ ಉಪನ್ಯಾಸ, ಚರ್ಚೆ ನಡೆಸಿದರು. ಸುಮಾರು 3,000 ಜನ ಬಂದರು, ಬೇರೆ ಕ್ಯಾಂಪಸ್‌ಗಳಿಗೂ ಹಬ್ಬಿತು. ಯುದ್ಧ ಮುಗಿದದ್ದು 1975ಕ್ಕೆ. ಅಷ್ಟು ನಿಧಾನ. ನೀವೂ ಬರೀ ನಿಲ್ಲಬೇಡಿ, ಅರ್ಧ ಗಂಟೆ ಕೂತು ಮಾತಾಡಿ. ಫಲಕದಲ್ಲಿ ಬರೆದ ಊರು ನಕ್ಷೆಯಲ್ಲಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ.

ಮದ್ದೂರಿನ ಮಾಜಿ ಯೋಧ:
ತಂಗಿ, 17 ವರ್ಷ ಸೈನ್ಯದಲ್ಲಿದ್ದೆ. ಯುದ್ಧ ಬೇಡ ಅನ್ನುವವರು ಸೈನಿಕರ ವಿರೋಧಿಗಳು ಅಂತ ಯಾರಾದರೂ ಹೇಳಿದರೆ ನನ್ನ ಹೆಸರು ಹೇಳು. ಜೊತೆಯಲ್ಲಿದ್ದ ಒಬ್ಬ ತೀರಿಕೊಂಡಾಗ ಅವನ ಟ್ರಂಕ್ ಮನೆಗೆ ಕಳಿಸಲು ಕಟ್ಟಿದವನು ನಾನು. ಒಳಗೆ ಅವರಮ್ಮ ಕೊಟ್ಟ ಹುರಿಗಾಳಿನ ಡಬ್ಬ, ಅರ್ಧ ಬರೆದ ಕಾಗದ. ಕಾಗದ ಮಡಿಚಿ ಇಡುವಾಗ ಕೈ ನಡುಗಿತ್ತು. ಇವತ್ತಿಗೂ ಹುರಿಗಾಳು ತಿನ್ನಲು ಆಗುವುದಿಲ್ಲ.

ಎಲ್ಲೋ ನಡೆಯುವ ಯುದ್ಧ ಅಂತಾರಲ್ಲ ನಿಮ್ಮ ತಂದೆ, 2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತದ್ದು ನಮ್ಮ ಹಾವೇರಿ ಜಿಲ್ಲೆಯ ಹುಡುಗ, ಡಾಕ್ಟರ್ ಓದಲು ಹೋದವನು. ದೇಹ ಮನೆಗೆ ಬರಲು ಸುಮಾರು ಮೂರು ವಾರ ಆಯಿತು. ಇದನ್ನು ಅವರಿಗೆ ನೆನಪು ಮಾಡಿ.

ಕೋರ್ಟ್ ಹಾದಿ:
ವಕೀಲೆ ನಾನು. ಆಯುಧ ಇಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19(1)(ಬಿ) ಕೊಟ್ಟ ಹಕ್ಕು, ಆದರೆ ಅದಕ್ಕೆ ಮಿತಿಗಳೂ ಇವೆ. ಜನ ಗುಂಪು ಸೇರದಂತೆ ಆದೇಶ ಹೊರಡಿಸಲು ಬಳಸುತ್ತಿದ್ದ ಹಳೇ 144ನೇ ಸೆಕ್ಷನ್ ಈಗ 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ 163 ಆಗಿದೆ. ಆ ದಿನ ಅಲ್ಲಿ ಅಂಥ ಆದೇಶ ಇದೆಯಾ ಅಂತ ಠಾಣೆಯಲ್ಲಿ ಕೇಳಿಕೊಳ್ಳಿ, ಇದ್ದರೆ ದಿನ ಮುಂದಕ್ಕೆ ಹಾಕಿ. ಕಾಲೇಜಿಗೆ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಅನುಮತಿ ನಂಬಬೇಡಿ. ದಾರಿಗೆ ಅಡ್ಡ ನಿಲ್ಲಬೇಡಿ. ಗೆಳತಿಯರನ್ನು ಕೇಳದೆ ಅವರ ಮುಖದ ಫೋಟೋ ಹಾಕಬೇಡಿ, ಆಮೇಲೆ ತೊಂದರೆ ಶುರುವಾಗುವುದು ಜಾಸ್ತಿ ಅಲ್ಲಿಂದಲೇ.

ನಾಲೆ ಏರಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ಹಾವೇರಿ ಹುಡುಗನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಂಪ್‌ಸೆಟ್ ಸದ್ದು ಮಾತ್ರ ಕೇಳುತ್ತಿತ್ತು. "ಅವರ ಅಪ್ಪನ್ನ ಟಿವೀಲಿ ನೋಡಿದ್ದೆ" ಅಂದರು. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅರ್ಜಿ ಬರೆದಿದ್ದೇವೆ, ಸೋಮವಾರ ಕೊಡುತ್ತೇವೆ. ಮೇಷ್ಟ್ರೇ, ಶುಕ್ರವಾರ ನೀವೇ ಬಂದು ಅರ್ಧ ಗಂಟೆ ಮಾತಾಡುತ್ತೀರಾ?

ಹಳೇ ಮೇಷ್ಟ್ರು:
ಬರುತ್ತೇನೆ ಮಗಳೇ. ಗೋಡೆಗೆ ಹಾಕುವ ನಕ್ಷೆ ಮನೆಯಲ್ಲಿದೆ, ತರುತ್ತೇನೆ. ಅದನ್ನು ಹಿಡಿದುಕೊಳ್ಳಲು ಇಬ್ಬರು ಬೇಕು.